ಗಲ್ಫ್ ದುಡ್ಡು ಬಂದು ಐವತ್ತು ವರ್ಷ ಆಯ್ತು, ನಮ್ಮ ಕರಾವಳಿಯಲ್ಲಿ ಕೆಲಸ ಯಾಕೆ ಹುಟ್ಲಿಲ್ಲ?

ಕಡಲ್ಕರೆ_ಪುಟ್ಟ
ಆರ್‌ಬಿಐ ಲೆಕ್ಕದಲ್ಲಿ 2024-25ರಲ್ಲಿ ಹೊರದೇಶದಲ್ಲಿರುವ ನಮ್ಮವರು ಊರಿಗೆ ಕಳಿಸಿದ ದುಡ್ಡು 135 ಬಿಲಿಯನ್ ಡಾಲರ್ ದಾಟಿದೆ. ಪ್ರಪಂಚದಲ್ಲೇ ನಾವು ಫಸ್ಟು, ಮೆಕ್ಸಿಕೋ ಎರಡನೇದು, ಅದೂ ನಮ್ಮ ಅರ್ಧದಷ್ಟು. 2023-24ರ ಆರ್‌ಬಿಐ ಸರ್ವೆ ಪ್ರಕಾರ ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ 7.7. ಒಳ್ಳೇದೇ. ಆದ್ರೆ ಒಮ್ಮೆ ಬೈಂದೂರಿಂದ ಸುರತ್ಕಲ್‌ವರೆಗೆ ಹೈವೇ ಬಿಟ್ಟು ಒಳರಸ್ತೆಯಲ್ಲಿ ಹೋಗಿ ನೋಡಿ ಮಾರಾಯ್ರೆ, ಎರಡು ಮಾಳಿಗೆ ಮನೆ, ಗೇಟಿಗೆ ಬೀಗ, ಒಳಗೆ ಒಬ್ಬ ಅಜ್ಜಿ, ಇಲ್ಲದಿದ್ರೆ ಅದೂ ಇಲ್ಲ. ಎರಡು ತಲೆಮಾರು ಅಲ್ಲಿ ಹೋಗಿ ದುಡಿದದ್ದು, ಮೂರನೇ ತಲೆಮಾರಿನ ಹುಡುಗ ಡಿಪ್ಲೊಮಾ ಮುಗ್ಸಿ ಕೂಡ್ಲೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕ್ತಾನೆ. ದುಡ್ಡು ಬಂತು, ಕೆಲಸ ಯಾಕೆ ಬರ್ಲಿಲ್ಲ? ಇದು ಬರೀ ನಮ್ಮ ಜನರ ತಪ್ಪಾ, ಇಲ್ಲ ವ್ಯವಸ್ಥೆಯದ್ದಾ? ಗೊತ್ತಿದ್ದವರು ಹೇಳಿ.

ಮೆಜೆಸ್ಟಿಕ್_ಮಂಜ
ಇದಕ್ಕೆ ಇಷ್ಟುದ್ದ ಯಾಕೆ ಗುರು, ಉತ್ತರ ನೀನೇ ಬರ್ದಿದ್ಯಲ್ಲ. ಮನೆ, ಚಿನ್ನ, ಕಾರು, ಮದ್ವೆ. ಕಳಿಸಿದ ದುಡ್ಡೆಲ್ಲ ಸಿಮೆಂಟಾಯ್ತು. ಅದೇ ದುಡ್ಡಲ್ಲಿ ಒಂದ್ ಫ್ಯಾಕ್ಟ್ರಿ ಹಾಕಿದ್ರೆ ಊರಿಗೆ ಊರೇ ಉದ್ಧಾರ ಆಗ್ತಿತ್ತು. ಶೋಕಿ ಜಾಸ್ತಿ ಕಣ್ರಿ ನಿಮ್ ಕಡೆ.

ಶಿರ್ವದ_ಸೊಸೆ
ಮಂಜಣ್ಣ, ಶೋಕಿ ಮಾಡುವಷ್ಟು ಉಳಿಯುದು ಯಾರಿಗೆ ಅಂತ ಸ್ವಲ್ಪ ಹೇಳಿ. ನಮ್ಮ ಮನೆಯವರು ಶಾರ್ಜಾದಲ್ಲಿ ಎಸಿ ಡಕ್ಟ್ ಕೆಲಸ. ಅವರು ಹೋದದ್ದು ಹೇಗೆ ಗೊತ್ತುಂಟಾ, ಏಜೆಂಟಿಗೆ ಕೊಡ್ಲಿಕ್ಕೆ ನನ್ನ ಕರಿಮಣಿ ಒಂದು ಬಿಟ್ಟು ಬಾಕಿ ಎಲ್ಲ ಚಿನ್ನ ಸೊಸೈಟಿಯಲ್ಲಿ ಅಡವು. ಮೊದಲು ಕಳಿಸಿದ ದುಡ್ಡೆಲ್ಲ ಅದನ್ನು ಬಿಡಿಸ್ಲಿಕ್ಕೇ ಹೋಯ್ತು. ಆಮೇಲೆ ಅತ್ತೆಯ ಡಯಾಲಿಸಿಸ್, ಮಕ್ಕಳ ಇಂಗ್ಲಿಷ್ ಮೀಡಿಯಂ ಫೀಸು, ವ್ಯಾನಿನ ದುಡ್ಡು ಬೇರೆ, ನಾದಿನಿ ಮದ್ವೆಗೆ ಮಾಡಿದ ಸಾಲದ ಕಂತು. ತಿಂಗಳ ಐದನೇ ತಾರೀಕು ದುಡ್ಡು ಬರ್ತದೆ, ಹದಿನೈದಕ್ಕೆ ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಮೂರಂಕಿ ಉಂಟು. ನೀವು ಚಿನ್ನ ಅಂತ ನಗಾಡ್ತೀರಿ, ನಮಗೆ ಅರ್ಧ ರಾತ್ರಿಗೆ ಆಸ್ಪತ್ರೆಗೆ ಹೋಗ್ಬೇಕಾದ್ರೆ ಅದೇ ಇನ್ಶೂರೆನ್ಸು. ಚಿನ್ನ ಇಟ್ಟು ಹತ್ತು ನಿಮಿಷದಲ್ಲಿ ದುಡ್ಡು ತರ್ಬಹುದು, ಫ್ಯಾಕ್ಟ್ರಿ ಷೇರು ಇಟ್ಟು ಯಾರು ಕೊಡ್ತಾರೆ?

ಮೆಜೆಸ್ಟಿಕ್_ಮಂಜ
ಅಕ್ಕ ನಿಮ್ಗೆ ಹೇಳಿದ್ದಲ್ಲ, ಆ ಬೀಗ ಹಾಕಿದ ಬಂಗಲೆಗಳಿಗೆ ಹೇಳಿದ್ದು.

ಪಾಸ್‌ಬುಕ್_ಭಟ್ರು
ಬ್ಯಾಂಕಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವ ನಾನು, ಈಗ ನಿವೃತ್ತ. ಬಂಗಲೆ ಬಿಟ್ಟು ಡಿಪಾಸಿಟ್ ಕಡೆ ನೋಡಿ, ಕಥೆ ಅಲ್ಲುಂಟು.

ನಮ್ಮ ಹಳೇ ದಕ್ಷಿಣ ಕನ್ನಡ ಜಿಲ್ಲೆಯಷ್ಟು ಬ್ಯಾಂಕ್ ಹುಟ್ಟಿದ ಜಾಗ ದೇಶದಲ್ಲಿ ಅಪರೂಪ. ಕೆನರಾ, ಕಾರ್ಪೊರೇಶನ್ ಎರಡೂ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಆಗಿನ ಬ್ಯಾಂಕು ಊರಿನವರ ಹತ್ರ ಪಿಗ್ಮಿ, ಅಂದ್ರೆ ದಿನ ದಿನದ ಚಿಲ್ಲರೆ ಉಳಿತಾಯ ಎತ್ತಿ ಊರಿನವರಿಗೇ ಸಾಲ ಕೊಡ್ತಿತ್ತು. ಗಲ್ಫ್ ದುಡ್ಡು ಬರ್ಲಿಕ್ಕೆ ಶುರುವಾದ ಮೇಲೆ ಲೆಕ್ಕ ಉಲ್ಟಾ ಆಯ್ತು. ಎನ್‌ಆರ್‌ಇ, ಅಂದ್ರೆ ಹೊರದೇಶದಲ್ಲಿ ದುಡಿದದ್ದನ್ನು ಎನ್‌ಆರ್‌ಐಗಳು ಇಲ್ಲಿ ಇಡುವ ಡಿಪಾಸಿಟ್‌ನ ಬಡ್ಡಿಗೆ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಬೇಕಾದಾಗ ಅಸಲು ಬಡ್ಡಿ ಎರಡನ್ನೂ ವಾಪಸ್ ಹೊರಗೆ ಕೊಂಡೋಗಬಹುದು. ಕೂತಲ್ಲೇ ಟ್ಯಾಕ್ಸ್ ಇಲ್ಲದ ಬಡ್ಡಿ ಬರುವಾಗ ಯಾವನು ಹೋಗಿ ಪಂಚಾಯ್ತಿ ಲೈಸೆನ್ಸು, ಕರೆಂಟು ಕನೆಕ್ಷನ್ನು, ಲೇಬರ್ ತಲೆಬಿಸಿ ಮಾಡ್ಕೊಳ್ತಾನೆ? ನಾನು ಬ್ರಾಂಚಲ್ಲಿ ಇರುವಾಗ ಮಾರ್ಚ್ ಬಂತು ಅಂದ್ರೆ ನಾವೆಲ್ಲ ಮನೆ ಮನೆಗೆ ಹೋಗುದು, ಮಗ ರಜೆಯಲ್ಲಿ ಬಂದಿದ್ದಾನಾ, ಡಿಪಾಸಿಟ್ ರಿನ್ಯೂ ಮಾಡ್ತಾನಾ ಅಂತ. ಸಾಲ ಬೇಕಾ ಅಂತ ಕೇಳ್ಲಿಕ್ಕೆ ಯಾರ ಮನೆಗೂ ಹೋದದ್ದಿಲ್ಲ. ಟಾರ್ಗೆಟ್ ಇದ್ದದ್ದು ಡಿಪಾಸಿಟ್‌ಗೆ.

ಹಾಗಾಗಿ ಇಲ್ಲಿ ಸೇರಿದ ದುಡ್ಡು ಹೆಡ್ಡಾಫೀಸಿಗೆ ಹೋಗಿ ಅಲ್ಲಿಂದ ಮುಂಬೈ, ಹೈದ್ರಾಬಾದಿನ ಯಾವುದೋ ರೋಡ್ ಕಂಪೆನಿಗೆ, ಸ್ಟೀಲ್ ಕಂಪೆನಿಗೆ ಸಾಲ ಆಗ್ತದೆ. ನೂರು ರೂಪಾಯಿ ಡಿಪಾಸಿಟ್‌ಗೆ ಆ ಜಿಲ್ಲೆಯಲ್ಲೇ ಎಷ್ಟು ಸಾಲ ಕೊಟ್ರು ಅನ್ನುದಕ್ಕೆ ಸಿಡಿ ರೇಶಿಯೋ ಅಂತಾರೆ. ಅದು 40ಕ್ಕಿಂತ ಕೆಳಗೆ ಬಿದ್ದ ಜಿಲ್ಲೆಯಲ್ಲಿ ಸ್ಪೆಷಲ್ ಸಬ್‌ಕಮಿಟಿ ಕೂರ್ಬೇಕು ಅಂತ ಆರ್‌ಬಿಐ ನಿಯಮವೇ ಉಂಟು. ಕೇರಳದ ಪತ್ತನಂತಿಟ್ಟ ಇದಕ್ಕೆ ಹೆಸರುವಾಸಿ, ಡಿಪಾಸಿಟ್ ರಾಶಿ, ಸಾಲ ಚೂರು. ನಮ್ಮ ಕರಾವಳಿಯದ್ದೂ ಅದೇ ಜಾತಕ, ಸ್ವಲ್ಪ ವಾಸಿ ಅಷ್ಟೇ. ಪುಟ್ಟ ಅವ್ರೆ, ಊರಿನ ದುಡ್ಡು ಊರಲ್ಲಿ ಕೆಲಸ ಹುಟ್ಟಿಸ್ಲಿಲ್ಲ ಯಾಕಂದ್ರೆ ಅದು ಊರಲ್ಲಿ ನಿಲ್ಲಲೇ ಇಲ್ಲ.

ಅರ್ಧಂಬರ್ಧ_ಇಕನಾಮಿಕ್ಸ್
ಭಟ್ರು ಸರ್ ಪಾಯಿಂಟ್‌ಗೆ ಒಂದು ಸೇರಿಸ್ತೀನಿ. ಊರಿಗೆ ಲಾಸ್ ಇರಬಹುದು ಆದ್ರೆ ದೇಶಕ್ಕೆ ಇದು ದೊಡ್ಡ ಆಸರೆ. 1991 ನೆನಪು ಮಾಡ್ಕೊಳ್ಳಿ, ಕುವೈತ್ ಮೇಲೆ ಇರಾಕ್ ನುಗ್ಗಿದ ಮೇಲೆ ಎಣ್ಣೆ ರೇಟ್ ಏರ್ತು, ಅಲ್ಲಿಂದ ಬರೋ ದುಡ್ಡು ನಿಂತಿತು, ಅದರ ಮೇಲೆ ಎನ್‌ಆರ್‌ಐಗಳು ಹೆದರಿ ಡಿಪಾಸಿಟ್ ತೆಗೀತಾ ಹೋದ್ರು. ಕೊನೆಗೆ ಸುಮಾರು 47 ಟನ್ ಚಿನ್ನ ಹೊರದೇಶದ ಬ್ಯಾಂಕಲ್ಲಿ ಅಡ ಇಟ್ಟಿದ್ದು ಎಲ್ರಿಗೂ ಗೊತ್ತು. ಆಮೇಲೆ ಸರ್ಕಾರ ಕಷ್ಟ ಬಂದಾಗೆಲ್ಲ ಇವರ ಹತ್ರಾನೇ ಹೋಗಿದೆ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದ ಮೇಲೆ ರಿಸರ್ಜೆಂಟ್ ಇಂಡಿಯಾ ಬಾಂಡ್, 4 ಬಿಲಿಯನ್ ಡಾಲರ್ ಮೇಲೆ ಬಂತು. 2000ದಲ್ಲಿ ಮಿಲೇನಿಯಂ ಡಿಪಾಸಿಟ್, ಐದೂವರೆ ಬಿಲಿಯನ್. 2013ರಲ್ಲಿ ರೂಪಾಯಿ 68ಕ್ಕೆ ಬಿದ್ದಾಗ ಎನ್‌ಆರ್‌ಐಗಳು ಡಾಲರಲ್ಲೇ ಇಡೋ ಎಫ್‌ಸಿಎನ್‌ಆರ್ ಡಿಪಾಸಿಟ್ ಸ್ಕೀಮು, ಸುಮಾರು 26 ಬಿಲಿಯನ್.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಡಿಪಾಸಿಟ್ ಇಟ್ಟವನು ಹೆದರಿದ್ರೆ ಓಡ್ತಾನೆ, ಆ ದುಡ್ಡು ದೇಶದ ಸಾಲ. ಆದ್ರೆ ಶಿರ್ವದ ಅಕ್ಕನಿಗೆ ಬರೋ ದುಡ್ಡು ಯಾರಿಗೂ ವಾಪಸ್ ಕೊಡ್ಬೇಕಾಗಿಲ್ಲ, ಅದು ಎಷ್ಟೇ ಕಷ್ಟ ಇದ್ರೂ ಬರ್ತಾನೇ ಇರುತ್ತೆ, ಊರಲ್ಲಿ ತೊಂದ್ರೆ ಜಾಸ್ತಿ ಆದ್ರೆ ಇನ್ನೂ ಜಾಸ್ತಿ ಬರುತ್ತೆ. ಕೊರೊನಾ ವರ್ಷದಲ್ಲಿ ಎಲ್ಲ ಬಿದ್ದೋಗುತ್ತೆ ಅಂದಿದ್ರು, ಭಾರತಕ್ಕೆ ಬರೋದು ಹೆಚ್ಚೇನೂ ಇಳೀಲಿಲ್ಲ. ದೊಡ್ಡ ಇನ್ವೆಸ್ಟರ್‌ಗಳಿಗೆ ನಾವು ಕೆಂಪು ಹಾಸು ಹಾಸ್ತೀವಿ, ಈ ಡಕ್ಟ್ ಕೆಲಸದವರಿಗೆ ಏರ್‌ಪೋರ್ಟಲ್ಲಿ ಒಂದು ನೆಟ್ಟಗಿನ ಕ್ಯೂ ಇಲ್ಲ.

ಹುನಗುಂದ_ಹುಡುಗ
ನಾ ಒಂದ್ ಮಾತ್ ಹೇಳ್ತೀನ್ರಿ ಸಿಟ್ಟಾಗಬ್ಯಾಡ್ರಿ. ಕೆಲಸ ಹುಟ್ಟಲಿಲ್ಲ ಅಂತೀರಲ್ಲ, ಹುಟ್ಟೈತ್ರೀ. ನಿಮಗ ಬ್ಯಾಡಾಗಿತ್ತು ಅಷ್ಟ. ಆ ಬೀಗ ಹಾಕಿದ ಮನಿ ಪಾಯಾ ತೋಡಿದವ್ರು ಯಾರು, ಸ್ಲ್ಯಾಬ್ ಹಾಕಿದವ್ರು ಯಾರು? ನಮ್ಮ ಅಪ್ಪ, ಕಾಕಾ, ನಮ್ಮ ಓಣಿ ಅರ್ಧ ಮಂದಿ ಮಂಗಳೂರಾಗ ಗೌಂಡಿ ಕೆಲಸ ಮಾಡ್ಯಾರ. ಮುಂಜಾನೆ ಎದ್ದು ನಾಕಾ ಮ್ಯಾಲ ಬುತ್ತಿ ಹಿಡ್ಕೊಂಡು ನಿಂದರೂದು, ಮೇಸ್ತ್ರಿ ಗಾಡಿ ತಂದು ಕರಕೊಂಡು ಹೋಗೂದು. ಬರಗಾಲ ಬಿದ್ದ ವರ್ಷ ನಮ್ಮ ಊರಾಗ ಒಲಿ ಹೊತ್ತಿದ್ದು ಆ ಪಗಾರಿನ ಮ್ಯಾಲ. ನಿಮ್ಮವ ದುಬೈನಾಗ ಇನ್ನೊಬ್ರ ಬಿಲ್ಡಿಂಗ್ ಕಟ್ಟಿ ನಿಮಗ ರೊಕ್ಕ ಕಳಸ್ತಾನ, ಆ ರೊಕ್ಕದಾಗ ನಮ್ಮವ ನಿಮ್ಮ ಮನಿ ಕಟ್ಟಿ ಹುನಗುಂದಕ್ಕ ಕಳಸ್ತಾನ. ನಮ್ಮ ಅಕ್ಕನ ಬಿಎಡ್ ಫೀ ಯಾವ ಶೇಖ್ ಕೊಟ್ಟಾನೋ ಯಾರಿಗ್ ಗೊತ್ತು. ಆದ್ರ ಆರ್‌ಬಿಐ ಸರ್ವೇದಾಗ ಬಾಗಲಕೋಟಿ ಹೆಸರು ಬರಂಗಿಲ್ಲ.

ಕಡಲ್ಕರೆ_ಪುಟ್ಟ
ಇದು ನಾನು ಯೋಚನೆ ಮಾಡದ ಕಡೆಯಿಂದ ಬಂದ ಉತ್ತರ. ಆದ್ರೂ ಒಂದು ಪ್ರಶ್ನೆ ಉಳೀತದೆ. ಕಟ್ಟಡ ಇರುವಷ್ಟು ದಿನ ಕೆಲಸ, ಮನೆ ಮುಗಿದ್ರೆ ಕೆಲಸ ಮುಗೀತು. ಮತ್ತೆ ಕೂಲಿ ಏರಿದ ಹೊಡೆತ ಗದ್ದೆಗೆ ಬಿತ್ತು. ನೇಜಿ (ಭತ್ತದ ಸಸಿ) ನೆಡ್ಲಿಕ್ಕೆ ಜನ ಸಿಗ್ಲಿಲ್ಲ, ಸಿಕ್ಕಿದ್ರೂ ಭತ್ತದ ರೇಟಿಗೆ ಅವರ ಸಂಬಳ ಹುಟ್ಲಿಲ್ಲ, ಗದ್ದೆ ಹಡಿಲು (ಬೀಳು) ಬಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗೆ ನಾಟಿ ಮಾಡ್ಲಿಕ್ಕೆ ಅಭಿಯಾನವೇ ಮಾಡ್ಬೇಕಾಯ್ತಲ್ಲ.

ಪಾಸ್‌ಬುಕ್_ಭಟ್ರು
ಅದಕ್ಕೆ ಗಲ್ಫ್ ಒಂದೇ ಕಾರಣ ಅಲ್ಲ. 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಗೇಣಿಯವರು ಡಿಕ್ಲರೇಶನ್ ಹಾಕಿ ಭೂಮಿ ಪಡೆದ್ರು, ಅದು ಆಗ್ಬೇಕಾದ್ದೇ, ಆಯ್ತು. ಆದ್ರೆ ಸಿಕ್ಕಿದ್ದು ಒಂದೆರಡು ಎಕರೆ, ಮಕ್ಕಳಿಗೆ ಪಾಲಾಗಿ ಸೆಂಟ್ಸ್ ಲೆಕ್ಕಕ್ಕೆ ಬಂತು. ಎಣ್ಣೆ ರೇಟು ಏರಿ ಗಲ್ಫ್ ಬಾಗಿಲು ತೆರೆದದ್ದೂ ಸರಿಯಾಗಿ ಆಗಲೇ, 1973ರ ನಂತ್ರ. ಅದಕ್ಕಿಂತ ಮೊದಲೂ ನಮ್ಮವರು ಮುಂಬೈ ಹೋಟೇಲಿಗೆ ಹೋಗ್ತಾ ಇದ್ರಲ್ಲ, ಮನಿ ಆರ್ಡರ್ ಬರುವ ಅಭ್ಯಾಸ ಊರಿಗೆ ಮೊದಲೇ ಇತ್ತು. ಹೊಸ ಭೂಮಾಲೀಕನ ಮಗ ಗದ್ದೆಯಲ್ಲಿ ಕೂರುವ ಬದಲು ಹಡಗು ಹತ್ತಿದ.

ಇನ್ನೊಂದು ವಿಷ್ಯ, ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. 2020ರಲ್ಲಿ ಕರ್ನಾಟಕದಲ್ಲಿ ಯಾರು ಬೇಕಾದ್ರೂ ಕೃಷಿ ಭೂಮಿ ತಗೊಳ್ಬಹುದು ಅಂತ ತಿದ್ದುಪಡಿ ಆಯ್ತು. ಆದ್ರೆ ಎನ್‌ಆರ್‌ಐಗೆ ಫೆಮಾ, ಅಂದ್ರೆ ಕೇಂದ್ರದ ವಿದೇಶಿ ವಿನಿಮಯ ಕಾನೂನು ಅಡ್ಡ ಬರ್ತದೆ, ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿ ಮಾಡುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತ ಬಂದ್ರೆ ಇಟ್ಕೊಳ್ಬಹುದು. ಸೈಟು, ಮನೆ, ಫ್ಲಾಟು, ಅಂಗಡಿ ತಗೊಳ್ಬಹುದು. ಹಾಗಾದ್ರೆ ದುಡ್ಡು ಎಲ್ಲಿಗೆ ಹೋಗ್ತದೆ? ಸಿಮೆಂಟಿಗೇ. ಮಂಜ ಅವರು ಶೋಕಿ ಅಂದದ್ದರಲ್ಲಿ ಅರ್ಧ ಕಾನೂನು.

ಜುಬೈಲ್_ನೈಟ್‌ಶಿಫ್ಟ್
ಸೌದಿಯ ಜುಬೈಲಲ್ಲಿ ಡ್ಯೂಟಿ ಬ್ರೇಕಲ್ಲಿ ಬರೀತಾ ಇದ್ದೇನೆ. ಫ್ಯಾಕ್ಟ್ರಿ ಹಾಕಿ ಅಂತ ಹೇಳುವವರಿಗೆ ನನ್ನ ಕಥೆ. 2017ರಲ್ಲಿ ಇಲ್ಲಿ ಫ್ಯಾಮಿಲಿ ಇಟ್ಟವರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಫೀ ಶುರುವಾಯ್ತು, ವರ್ಷ ವರ್ಷ ನೂರು ಏರಿ 2020ಕ್ಕೆ 400. ಹೆಂಡ್ತಿ ಮೂರು ಮಕ್ಕಳು ಅಂದ್ರೆ ಲೆಕ್ಕ ಹಾಕಿ. ಫ್ಯಾಮಿಲಿ ಊರಿಗೆ ಕಳಿಸಿದೆ, ಸ್ವಲ್ಪ ಸಮಯದಲ್ಲಿ ನಾನೂ ಕೈಲಿದ್ದದ್ದು ಕಟ್ಟಿಕೊಂಡು ವಾಪಸ್ ಹೋದೆ, ಸಿಮೆಂಟ್ ಬ್ಲಾಕ್ ಯೂನಿಟ್ ಹಾಕುವಾ ಅಂತ. ಜಾಗ ಕನ್ವರ್ಶನ್‌ಗೆ ಒಂದು ಆಫೀಸು, ಪಂಚಾಯ್ತಿ ಎನ್‌ಒಸಿ ಒಂದು, ತ್ರೀ ಫೇಸ್ ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ನೀವೇ ಹಾಕ್ಬೇಕು ಅಂದ್ರು. ಫೈಲ್ ಎಲ್ಲಿಗೆ ತಲುಪಿತು ಅಂತ ಕೇಳ್ಲಿಕ್ಕೆ ಹೋದ್ರೆ "ಫಾರಿನ್ ಪಾರ್ಟಿ" ಅಂತ ಮುಖ ನೋಡಿಯೇ ರೇಟ್ ಫಿಕ್ಸ್ ಆಗ್ತದೆ. ಬ್ಯಾಂಕಲ್ಲಿ ಸಾಲ ಕೇಳಿದ್ರೆ ಮೂರು ವರ್ಷದ ಐಟಿ ರಿಟರ್ನ್ ಕೊಡಿ ಅಂತ, ಹೊರಗೆ ದುಡಿದವನ ಹತ್ರ ಇಲ್ಲಿಯ ರಿಟರ್ನ್ ಎಲ್ಲಿಂದ ಬರ್ಬೇಕು? ಹೇಗೋ ಶುರು ಮಾಡಿದೆ, ಮಳೆಗಾಲದಲ್ಲಿ ಆರ್ಡರ್ ಇಲ್ಲ, ಉದ್ರಿ ಕೊಂಡೋದವರು ಫೋನ್ ಎತ್ತುದಿಲ್ಲ, ಮತ್ತೆ ಕೊರೊನಾ. ಮೆಷಿನ್ ಮಾರಿ ಮತ್ತೆ ಇದೇ ಪ್ಲಾಂಟಿಗೆ ಬಂದೆ, ಇಕಾಮಾದಲ್ಲಿ (ಇಲ್ಲಿಯ ವಾಸದ ಪರ್ಮಿಟ್) ಮೊದಲಿಗಿಂತ ಸಣ್ಣ ಪೋಸ್ಟು. ಈಗ ಉಳಿದದ್ದೆಲ್ಲ ಎನ್‌ಆರ್‌ಇ ಎಫ್‌ಡಿ. ಭಟ್ರು ಹೇಳಿದ್ದು ನೂರಕ್ಕೆ ನೂರು.

ಫ್ರೀಮಾಂಟ್_ಮಾವ
ಗಲ್ಫಿನವರ ನಡುವೆ ಅಮೆರಿಕದವನು ಬಾಯಿ ಹಾಕ್ಬಹುದಾ? ಆರ್‌ಬಿಐನ ಅದೇ ಸರ್ವೆಯಲ್ಲಿ ಅಮೆರಿಕದ ಪಾಲು 27.7, ಯುಎಇ 19.2. ಅಂದ್ರೆ ಗಲ್ಫಿನ ಆರು ದೇಶ ಸೇರಿಸಿದ್ರೂ 38 ಆಸುಪಾಸು, ಹಿಂದೆ ಅರ್ಧ ಅಲ್ಲಿಂದಲೇ ಬರ್ತಿತ್ತು. ಆದ್ರೆ ನಮ್ಮ ದುಡ್ಡಿನ ಗುಣ ಬೇರೆ, ಇದನ್ನ ಸಂಕೋಚ ಇಲ್ಲದೆ ಹೇಳ್ತೀನಿ. ನನ್ನ ಅಪ್ಪ ಅಮ್ಮನಿಗೆ ಪೆನ್ಷನ್ ಇದೆ, ನಾನು ಕಳಿಸೋ ದುಡ್ಡಲ್ಲಿ ಅವರು ಅಕ್ಕಿ ತಗೊಳಲ್ಲ. ಅದು ಹೋಗೋದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗೆ, ಮ್ಯೂಚುವಲ್ ಫಂಡ್‌ಗೆ. ಸರ್ಜಾಪುರ ರೋಡಲ್ಲಿ ಅಲ್ಲೇ ಕೆಲಸ ಮಾಡೋ ಹುಡುಗ್ರಿಗೆ ಫ್ಲಾಟ್ ಸಿಗದ ಹಾಗೆ ರೇಟ್ ಏರಿದ್ರಲ್ಲಿ ನಮ್ಮಂಥವರದ್ದೂ ಪಾಲಿದೆ.

ಇನ್ನೊಂದು, ವಾಟ್ಸಾಪಲ್ಲಿ ಓಡಾಡೋ ಅಮೆರಿಕ ಟ್ಯಾಕ್ಸ್ ಸುದ್ದಿ. ಮೊದ್ಲು 5 ಪರ್ಸೆಂಟ್ ಅಂದ್ರು, ಆಮೇಲೆ 3.5, ಕೊನೆಗೆ 2025ರ ಕಾನೂನಲ್ಲಿ ಆಗಿದ್ದು 1, ಜಾರಿ 2026ರ ಜನವರಿಯಿಂದ. ಅದೂ ಕ್ಯಾಶ್, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸಿದ್ರೆ ಮಾತ್ರ. ಬ್ಯಾಂಕ್ ಅಕೌಂಟಿಂದ ಹೋದ್ರೆ ಇಲ್ಲ. ಬಡಪಾಯಿ ಕೂಲಿಯವನಿಗೇ ಹೊಡೆತ, ನಮಗಲ್ಲ.

ಭಟ್ಕಳ್_ಬಂದರ್
ಎಲ್ಲ ಸಿಮೆಂಟು, ಎಫ್‌ಡಿ ಅಂತ ಬರೀಬೇಡಿ, ನಮ್ಮ ಊರು ನೋಡಿ. ಶಾಲೆ ಕಾಲೇಜು ನಡೆಸುವ ನಮ್ಮ ಅಂಜುಮನ್ ಸಂಸ್ಥೆ ಶುರುವಾದದ್ದು 1919ರಲ್ಲಿ, ಎಣ್ಣೆ ದುಡ್ಡು ಬರುವ ಎಷ್ಟೋ ಮೊದಲು. ಆಗ ನಮ್ಮವರು ಮದ್ರಾಸು, ಕೊಲಂಬೊ ಕಡೆ ವ್ಯಾಪಾರ ಮಾಡ್ತಿದ್ರು. ಸಂಸ್ಥೆ ಮೊದಲೇ ಇದ್ದದ್ದಕ್ಕೆ ದುಬೈ ದುಡ್ಡು ಬಂದಾಗ ಅದಕ್ಕೆ ಹೋಗ್ಲಿಕ್ಕೆ ಒಂದು ದಾರಿ ಇತ್ತು, ಶಾಲೆ, ಡಿಗ್ರಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎಲ್ಲ ಆಯ್ತು. ಅಲ್ಲಿ ದುಬೈಯಲ್ಲಿ ಊರಿನವರ ಜಮಾತ್ (ಸಂಘ) ಉಂಟು, ಇಲ್ಲಿ ಲೆಕ್ಕ ಕೇಳುವವರುಂಟು. ಒಬ್ಬೊಬ್ಬನ ಕೈಯಲ್ಲಿ ಫ್ಯಾಕ್ಟ್ರಿ ಆಗುದಿಲ್ಲ ಅಂತ ಜುಬೈಲ್ ಭಾಯಿ ಹೇಳಿದ್ದು ಸರಿ. ಹತ್ತು ಜನ ಸೇರಿದ್ರೆ ನಂಬಿಕೆ ಬೇಕು, ನಂಬಿಕೆಗೆ ಸಂಸ್ಥೆ ಬೇಕು. ಆದ್ರೆ ಅಷ್ಟು ಕಾಲೇಜು ಕಟ್ಟಿ ಎಂತ ಆಯ್ತು ಅಂತ ಕೇಳಿದ್ರೆ, ಹಿಂದೆ ಅಂಗಡಿ ಸೇಲ್ಸ್‌ಮ್ಯಾನ್ ಆಗಿ ಹೋಗ್ತಿದ್ದವರ ಮಕ್ಕಳು ಈಗ ಇಂಜಿನಿಯರ್ ಆಗಿ ಹೋಗ್ತಾರೆ.

ಮೆಜೆಸ್ಟಿಕ್_ಮಂಜ
ಒಬ್ಬನೇ ದೊಡ್ಡ ಕುಳ ಬಂದು ಮಾಡಿದ್ರೆ? ಅಬುಧಾಬಿಲಿ ಉದ್ಯಮ ಕಟ್ಟಿದ ಬಿ.ಆರ್. ಶೆಟ್ಟಿ ಅವರು ಉಡುಪಿಲಿ ಆಸ್ಪತ್ರೆ ಕಟ್ಸಿದ್ರಲ್ಲ.

ಪಾಸ್‌ಬುಕ್_ಭಟ್ರು
ಅದೇ ಪಾಠ. ಸರ್ಕಾರಿ ಹೆರಿಗೆ ಆಸ್ಪತ್ರೆಯನ್ನು ಚಂದದಲ್ಲಿ ಕಟ್ಟಿದ್ರು, ಬಡವರಿಗೆ ಪುಕ್ಕಟೆ ಹೆರಿಗೆ ಆಗ್ತಿತ್ತು, ಅದನ್ನು ನಾನು ತೆಗೆದು ಹಾಕುದಿಲ್ಲ. 2020ರಲ್ಲಿ ಅಬುಧಾಬಿಯಲ್ಲಿ ಅವರ ಕಂಪೆನಿ ಕುಸಿಯಿತು, ಇಲ್ಲಿ ಸಿಬ್ಬಂದಿ ಸಂಬಳಕ್ಕೆ ಧರಣಿ ಕೂತ್ರು, ಕೊನೆಗೆ ಸರ್ಕಾರವೇ ವಹಿಸ್ಕೊಂಡಿತು. ಒಬ್ಬನ ಬ್ಯಾಲೆನ್ಸ್ ಶೀಟಿನ ಮೇಲೆ ಊರಿನ ಹೆರಿಗೆ ವಾರ್ಡ್ ನಿಲ್ಲಬಾರ್ದು.

ಅರ್ಧಂಬರ್ಧ_ಇಕನಾಮಿಕ್ಸ್
ಮೆಕ್ಸಿಕೋದಲ್ಲಿ ಒಂದು ಪ್ರಯೋಗ ಆಗಿತ್ತು, ಸಕಾಟೆಕಾಸ್ ಅನ್ನೋ ರಾಜ್ಯದಿಂದ ಶುರುವಾಗಿ 2002ರಲ್ಲಿ ಇಡೀ ದೇಶಕ್ಕೆ ಬಂತು. ಅಮೆರಿಕದಲ್ಲಿರೋ ಒಂದೂರಿನವರು ಸಂಘ ಮಾಡ್ಕೊಂಡು ಒಂದು ಪೆಸೊ ಹಾಕಿದ್ರೆ ಕೇಂದ್ರ, ರಾಜ್ಯ, ಊರಿನ ಆಡಳಿತ ತಲಾ ಒಂದೊಂದು ಹಾಕ್ತಿತ್ತು. ನೀರಿನ ಪೈಪು, ರಸ್ತೆ, ಶಾಲೆ ಆಯ್ತು, ಆಮೇಲೆ ಹೊಸ ಸರ್ಕಾರ ಬಂದು ಫಂಡ್ ನಿಲ್ಲಿಸ್ತು. ಅಲ್ಲೂ ಒಂದು ದೂರು ಇತ್ತು, ಹೊರಗೆ ಹೋದವರು ಜಾಸ್ತಿ ಇರೋ ಊರಿಗೇ ದುಡ್ಡು, ಯಾರೂ ಹೋಗದಷ್ಟು ಬಡ ಊರಿಗೆ ಏನೂ ಇಲ್ಲ. ನಮ್ಮಲ್ಲಿ ಪಕ್ಕದ ಕೇರಳದವರು 1996ರಲ್ಲೇ ಹೊರಗಿರೋ ಮಲಯಾಳಿಗಳಿಗೆ ನೋರ್ಕಾ ಅಂತ ಇಲಾಖೆ ಮಾಡಿ, ಪೆನ್ಷನ್ನು, ಸರ್ಕಾರಿ ಚಿಟ್ ಕಂಪೆನಿ ಕೆಎಸ್‌ಎಫ್‌ಇಯ ಪ್ರವಾಸಿ ಚಿಟ್ಟಿ ಅಂತೆಲ್ಲ ಮಾಡಿದ್ದಾರೆ. ಮುಖ್ಯವಾಗಿ ಅವರು ಎಣಿಸ್ತಾರೆ. 2023ರ ಮೈಗ್ರೇಶನ್ ಸರ್ವೆ ಪ್ರಕಾರ ಅಲ್ಲಿಗೆ ಬಂದಿದ್ದು 2.16 ಲಕ್ಷ ಕೋಟಿ, 2018ರಲ್ಲಿ 85 ಸಾವಿರ ಕೋಟಿ ಇತ್ತು. ಎಷ್ಟು ಜನ ಹೋದ್ರು, ಎಷ್ಟು ಜನ ವಾಪಸ್ ಬಂದ್ರು, ಬಂದವರು ಏನ್ ಮಾಡ್ತಿದ್ದಾರೆ ಎಲ್ಲ ಮನೆ ಮನೆಗೆ ಹೋಗಿ ಕೇಳ್ತಾರೆ. ನಮ್ಮ ಕರಾವಳಿಗೆ ಅಂಥ ಸರ್ವೆ ಮಾಡ್ಸಿದ್ರೆ ಈ ಥ್ರೆಡ್ಡಿನ ಅರ್ಧ ಜಗಳ ಬೇಕಾಗ್ತಿರ್ಲಿಲ್ಲ.

ಹುನಗುಂದ_ಹುಡುಗ
ಸರ್ವೇ ಮಾಡ್ಸಿದ್ರ ಮಂಗಳೂರಿಂದ ನಮ್ಮ ಕಡೆ ಬರೂ ರೊಕ್ಕಾನೂ ಎಣಸ್ರಿ. ಅದಕ್ಕ ಡಾಲರ್ ಲೆಕ್ಕ ಬ್ಯಾಡ, ಫೋನ್‌ಪೇ ಹಿಸ್ಟರಿ ನೋಡಿದ್ರ ಸಾಕು.

ಜುಬೈಲ್_ನೈಟ್‌ಶಿಫ್ಟ್
ಒಂದು ಬಿಟ್ಟೇ ಹೋಯ್ತು, ರೇಟಿನ ವಿಷ್ಯ. ರಿಯಾಲು, ದಿರ್ಹಮ್ ಎರಡೂ ಡಾಲರಿಗೆ ಕಟ್ಟಿ ಹಾಕಿದ್ದು, ರೂಪಾಯಿ ಬಿದ್ದಾಗ ನಮಗೆ ಹಬ್ಬ. 2010ರ ಹೊತ್ತಿಗೆ ಹನ್ನೆರಡು ರೂಪಾಯಿ ಇದ್ದದ್ದು ಈಗ ಡಬಲ್. ಟಿವಿಯಲ್ಲಿ ರೂಪಾಯಿ ಕುಸಿತ ಅಂತ ಅಳ್ತಾ ಇರುವಾಗ ಇಲ್ಲಿ ಎಕ್ಸ್‌ಚೇಂಜ್ ಮುಂದೆ ಕ್ಯೂ. ಆದ್ರೆ ನನ್ನ ಬೇಸಿಕ್ ಸಂಬಳ ರಿಯಾಲಲ್ಲಿ ಹತ್ತು ವರ್ಷದಿಂದ ಹೆಚ್ಚೇನೂ ಏರ್ಲಿಲ್ಲ, ಇಂಕ್ರಿಮೆಂಟ್ ಕೊಟ್ಟದ್ದು ಕಂಪೆನಿ ಅಲ್ಲ, ರೂಪಾಯಿ. ಮತ್ತೆ ಆ ಜಾಸ್ತಿ ಸಿಕ್ಕಿದ್ದು ಊರಿನ ಪೆಟ್ರೋಲ್, ಎಣ್ಣೆ, ಫೀಸಿನಲ್ಲಿ ಹೋಗ್ತದೆ.

ಶಿರ್ವದ_ಸೊಸೆ
ಭಟ್ರೇ, ನೀವು ಬ್ಯಾಂಕಿನವರು ಅಂತ ಕೇಳುದು. ಇವರು ಹೋಗುವ ಮೊದಲು ಇದ್ದ ಹಳೇ ಎಸ್‌ಬಿ ಅಕೌಂಟಿಗೇ ಈಗಲೂ ಕಳಿಸ್ತಾ ಇದ್ದಾರೆ. ಯಾರೋ ಹೇಳಿದ್ರು ಅದು ತಪ್ಪು, ಫೈನ್ ಬೀಳ್ತದೆ ಅಂತ. ಹೌದಾ? ನಾನು ಹೋಗಿ ಬದಲಾಯಿಸ್ಲಿಕ್ಕೆ ಆಗ್ತದಾ?

ಪಾಸ್‌ಬುಕ್_ಭಟ್ರು
ಹೌದಮ್ಮ, ಎನ್‌ಆರ್‌ಐ ಆದ ಮೇಲೆ ಹಳೇ ಎಸ್‌ಬಿ ಹಾಗೇ ಇಟ್ಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ, ಅಂದ್ರೆ ಎನ್‌ಆರ್‌ಐಯ ಇಲ್ಲಿಯ ಆದಾಯಕ್ಕೆ ಇರುವ ಅಕೌಂಟ್ ಮಾಡ್ಸಬೇಕು. ಇಲ್ಲಿಯ ಬಾಡಿಗೆ, ಹಳೇ ಎಫ್‌ಡಿ ಬಡ್ಡಿ ಎಲ್ಲ ಅದಕ್ಕೆ, ಆ ಬಡ್ಡಿಗೆ ಟಿಡಿಎಸ್ ಕಟ್ ಆಗ್ತದೆ. ಅಲ್ಲಿಂದ ಕಳಿಸುವ ಸಂಬಳಕ್ಕೆ ಬೇರೆ ಎನ್‌ಆರ್‌ಇ ತೆರೀಲಿಕ್ಕೆ ಹೇಳಿ, ಬಡ್ಡಿಗೆ ಟ್ಯಾಕ್ಸ್ ಇಲ್ಲ. ಫಾರ್ಮಿಗೆ ಸಹಿ ಹಾಕ್ಬೇಕಾದ್ದು ಅವರೇ, ಪಾಸ್‌ಪೋರ್ಟ್ ಮತ್ತು ವೀಸಾ ಕಾಪಿ ಬೇಕು, ರಜೆಯಲ್ಲಿ ಬಂದಾಗ ಮಾಡಿದ್ರೆ ಸುಲಭ. ನಿಮ್ಮ ಹೆಸರನ್ನು ಎನ್‌ಆರ್‌ಇಯಲ್ಲಿ ಜಾಯಿಂಟ್ ಸೇರಿಸ್ಬಹುದು, "ಫಾರ್ಮರ್ ಆರ್ ಸರ್ವೈವರ್" ಅಂತ ಹಾಕ್ತಾರೆ, ಅಂದ್ರೆ ಅವರು ಇರುವಷ್ಟು ದಿನ ನೀವು ನೇರ ತೆಗಿಲಿಕ್ಕಾಗುದಿಲ್ಲ, ಅದಕ್ಕೆ ಪವರ್ ಆಫ್ ಅಟಾರ್ನಿ ಬೇರೆ ಕೊಡ್ಸಿ. ಮನೆ ಖರ್ಚು, ಆಸ್ಪತ್ರೆ ಎಲ್ಲ ಅದರಿಂದಲೇ ಕೊಡ್ಬಹುದು. ನಾಮಿನಿ ಕಾಲಂ ಖಾಲಿ ಬಿಡ್ಬೇಡಿ, ನನ್ನ ಸರ್ವಿಸಲ್ಲಿ ಅತಿ ಹೆಚ್ಚು ಕಣ್ಣೀರು ನೋಡಿದ್ದು ಆ ಒಂದು ಕಾಲಂನಿಂದ.

ಶಿರ್ವದ_ಸೊಸೆ
ಸರಿ ಭಟ್ರೇ, ಉಪಕಾರ ಆಯ್ತು. ಇವರಿಗೆ ಏಪ್ರಿಲಲ್ಲಿ ರಜೆ, ಅಷ್ಟರಲ್ಲಿ ಫಾರ್ಮ್ ತಂದಿಡ್ತೇನೆ. ಬ್ರಾಂಚಲ್ಲಿ ಈಗ ಕನ್ನಡ ಬರುವವರು ಒಬ್ಬರೇ ಇರುದು, ಅವರಿಗೆ ರಜೆ ಇಲ್ಲದ ದಿನ ನೋಡಿ ಹೋಗ್ಬೇಕು.